ಹೊರಗೆ ಗೀರಿಲ್ಲ, ಒಳಗೆ ಪದರ ಬಿಟ್ಟಿದೆ

ಅಲ್ಯೂಮಿನಿಯಂ ಮೇಲೆ ಸ್ಪ್ಯಾನರ್ ಬಿದ್ರೆ ತಗ್ಗು ಕಾಣುತ್ತೆ. ಕಾರ್ಬನ್ ಫೈಬರ್ ಕಾಂಪೋಸಿಟ್ ಹಾಗಲ್ಲ. ಬೋಯಿಂಗ್ 787ರ ರಚನೆಯ ತೂಕದಲ್ಲಿ ಸುಮಾರು ಅರ್ಧ ಇದೇ. ನಮ್ಮ ಬೆಂಗಳೂರಿನ ತೇಜಸ್‌ನಲ್ಲಿ ಶೇ 45ರಷ್ಟು. ಏಟು ಬಿದ್ದರೂ ಮೇಲೆ ಏನೂ ಗೊತ್ತಾಗದೆ, ಒಳಗೆ ಅಂಟಿದ ಪದರಗಳು ಬಿಟ್ಟುಕೊಂಡಿರಬಹುದು. ಅಮುಕುವ ಒತ್ತಡ ಬಂದಾಗ ಅಲ್ಲೇ ಬಾಗಿ ಮುರಿಯೋ ಭಯ.

ಮಾಮೂಲಿ ಅಲ್ಟ್ರಾಸೌಂಡ್ ಹುಡುಕೋದು ಪ್ರತಿಧ್ವನಿಯನ್ನ. ಪದರಗಳ ನಡುವೆ ಸಂದಿ ಇದ್ದರೆ ಸಿಗುತ್ತೆ. ಬಿಟ್ಟ ಪದರಗಳು ಮತ್ತೆ ಒತ್ತಿಕೊಂಡು ಕೂತಿದ್ದರೆ? ಅಲೆ ಸಲೀಸಾಗಿ ದಾಟಿ ಹೋಗಬಹುದು.

ಇಲ್ಲೇ ನಾನ್‌ಲೀನಿಯರ್ ವಿಧಾನ ಬರೋದು. ನನ್ನ ಹಳೇ ಸ್ಪೀಕರ್‌ನ ಕೋನ್ ಹರಿದಾಗ, ಹಾಡಿನಲ್ಲಿ ಇಲ್ಲದ ಗರಗರ ಸದ್ದನ್ನ ಅದೇ ಸೇರಿಸ್ತಿತ್ತು. ಇದೂ ಹೆಚ್ಚುಕಮ್ಮಿ ಹಾಗೇ. 200 ಕಿಲೋಹರ್ಟ್ಸ್ ಅಲೆ ಕಳಿಸಿದರೆ, ಬಿಟ್ಟ ಪದರಗಳು ಚಪ್ಪಾಳೆ ತಟ್ಟಿದಂತೆ ಬಡಿದುಕೊಂಡು, ಉಜ್ಜಿಕೊಂಡು 400 ಕಿಲೋಹರ್ಟ್ಸ್ ಅಲೆಯನ್ನೂ ಹುಟ್ಟಿಸುತ್ತವೆ. ಗಟ್ಟಿಯಾಗಿರೋ ಜಾಗದಲ್ಲಿ ಅದು ತೀರಾ ಕಮ್ಮಿ.

ತೊಂದರೆ ಏನಪ್ಪಾ ಅಂದ್ರೆ, ಆಂಪ್ಲಿಫೈಯರ್ರೂ, ಸೆನ್ಸರ್‌ಗೆ ಹಚ್ಚೋ ಜೆಲ್ಲೂ ಒಂಚೂರು 400 ಸೇರಿಸಿಬಿಡುತ್ತವೆ. ಅದಕ್ಕೇ ಏಟು ಬೀಳದ, ಅದೇ ಥರದ ತುಂಡನ್ನ ಮೊದಲು ಅಳೆದಿಟ್ಟುಕೊಂಡು, ಆಮೇಲೆ ಅನುಮಾನ ಇರೋ ಜಾಗದ ಜೊತೆ ಹೋಲಿಸ್ತಾರೆ.