ಕೆರೆಯ ಅಂಚು

ಬೆಂಗಳೂರಿನ ಉತ್ತರ ಭಾಗದ ಶೆಟ್ಟಿಹಳ್ಳಿಯ ನೆರೆಯಲ್ಲಿ ಅಬ್ಬಿಗೆರೆ ಎಂಬ ಊರುಂಟು. ಮನೆಗೆ ಮನೆ ತಾಗಿ, ಕಾರ್ಖಾನೆಗೆ ಗೋದಾಮು ತಾಗಿ ಬೆಳೆದುನಿಂತಿರುವ ಈ ಪ್ರದೇಶದಲ್ಲಿ ನಡೆಯುವವನಿಗೆ ಆ ಹೆಸರಿನ ಕೊನೆಯಲ್ಲಿ ಅಡಗಿರುವ ಕೆರೆ ಸುಲಭವಾಗಿ ನೆನಪಾಗಲಾರದು; ಆದರೆ ಈ ನೆಲದ ಪೂರ್ವವೃತ್ತಾಂತವನ್ನು ಬಲ್ಲವರಿಗೆ, ಇಲ್ಲಿ ಊರು ನೆಲೆಸಿದ್ದೇ ಕೆರೆಯ ಆಶ್ರಯದಲ್ಲಿ ಎಂಬುದು ಸ್ಪಷ್ಟವಾಗಿ ತೋರುವುದು.

ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಪ್ರಸ್ಥಭೂಮಿಯ ಮೇಲಿರುವ ಬೆಂಗಳೂರಿಗೆ ಮಹಾನದಿಯೊಂದರ ಭಾಗ್ಯವಿಲ್ಲ. ಆದುದರಿಂದಲೇ ನಮ್ಮ ಹಿರಿಯರು ಇಳಿಜಾರಿಗೆ ಅಡ್ಡಲಾಗಿ ಏರಿ ಹಾಕಿ, ತೂಬಿರಿಸಿ, ಹೆಚ್ಚಿದ ನೀರಿಗೆ ಕೋಡಿ ಬಿಟ್ಟು, ಒಂದರ ಕೋಡಿ ಹರಿದರೆ ಮುಂದಿನದು ತುಂಬುವಂತೆ ಕೆರೆಗಳ ಮಾಲೆಯನ್ನೇ ಕಟ್ಟಿದರು. ಯಲಹಂಕದ ಕೆರೆಯ ನೀರು ಅಲ್ಲಾಳಸಂದ್ರಕ್ಕೂ, ಅಲ್ಲಿಂದ ಜಕ್ಕೂರಿಗೂ, ಜಕ್ಕೂರಿನಿಂದ ರಾಚೇನಹಳ್ಳಿಗೂ ಇಳಿಯುವ ಸರಣಿ ಇಂದಿಗೂ ಕಾಣಬರುತ್ತದೆ. ನಗರದ ನಡುವೆ ಹಾಯ್ದ ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯನ್ನು ಸೇರಿದರೆ, ಪಶ್ಚಿಮಕ್ಕೆ ಬಿದ್ದದ್ದು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುವುದು. ಕಡಲು ಕಾಣದ ಈ ಊರಿನ ಕೊಳೆಯೂ ಕೊನೆಗೆ ಬಂಗಾಳ ಕೊಲ್ಲಿಯ ದಾರಿಯನ್ನೇ ಹಿಡಿಯುತ್ತದೆ.

ಕೆರೆಯೆಂದೊಡನೆ ನಮ್ಮ ಕಣ್ಣಿಗೆ ನಡುವಿನ ವಿಶಾಲ ಜಲರಾಶಿಯೇ ಕಟ್ಟುತ್ತದೆ; ಆದರೆ ಜೀವಿಗಳ ಪಾಲಿಗೆ ಕೆರೆಯ ಸಾರವಿರುವುದು ಅಂಚಿನಲ್ಲಿ. ಹರಡು ಮುಳುಗುವಷ್ಟು ನೀರಿನಲ್ಲಿ ಕೊಳದ ಬಕ ಕಲ್ಲಿನಂತೆ ನಿಂತು ಕಾಯುತ್ತದೆ. ಮೊಣಕಾಲಾಳದಲ್ಲಿ ಬಣ್ಣದ ಕೊಕ್ಕರೆಯು ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಅದ್ದಿ ಅತ್ತಿತ್ತ ಆಡಿಸುತ್ತ ನಡೆಯುವುದನ್ನು ನೋಡಬೇಕು: ಬಗ್ಗಡದಲ್ಲಿ ಅದಕ್ಕೆ ಮೀನು ಕಾಣಬೇಕಾದುದಿಲ್ಲ, ತಾಗಿದರೆ ಸಾಕು, ಕೊಕ್ಕು ಥಟ್ಟನೆ ಮುಚ್ಚಿಕೊಳ್ಳುತ್ತದೆ. ಅದರಾಚೆಯ ಆಳ ನೀರುಕಾಗೆಗೂ ಹೆಜ್ಜಾರ್ಲೆಗೂ ಮೀಸಲು. ದಡದ ಜೊಂಡಿನಲ್ಲಿ ನೇರಳೆ ಜಂಬುಕೋಳಿ ಗೂಡು ಕಟ್ಟುವುದು. ಆ ಜೊಂಡಿನ ಬುಡದಲ್ಲಿ ಮೀನಿನ ಮರಿಗಳು ಅಡಗಿ ಬೆಳೆಯುವುವು. ಕರಾವಳಿಯ ಅಳಿವೆಗಳಿಗೆ ಕಾಂಡ್ಲಾ ಕಾಡು ಯಾವ ಉಪಕಾರವನ್ನು ಮಾಡುವುದೋ, ಬಯಲುಸೀಮೆಯ ಕೆರೆಗೆ ಈ ಜೊಂಡೂ ಕೆಸರೂ ಅದನ್ನೇ ಮಾಡುತ್ತವೆ.

ನಗರವು ಬೆಳೆದಂತೆ ಮೊದಲು ಕಬಳಿಕೆಯಾದುದು ಈ ಅಂಚೇ. ಕೆರೆಗಳನ್ನು ಒಡೆಯದೆ ಜಲಾಶಯಗಳಾಗಿಯೇ ಕಾಪಾಡಬೇಕೆಂದು, 1985ರಲ್ಲಿ ಸರ್ಕಾರವು ನೇಮಿಸಿದ ಲಕ್ಷ್ಮಣರಾವ್ ಸಮಿತಿಯು ಹೇಳಿದ್ದಿತು. ಆದರೂ ರಾಜಕಾಲುವೆಗಳು ಮಳೆನೀರಿಗೆ ಬದಲು ಮನೆಗಳ ಕೊಳಚೆಯನ್ನು ಹೊತ್ತು ತಂದುವು. ಆ ಕೊಳಚೆಯ ಸಾರಜನಕ, ರಂಜಕಗಳನ್ನುಂಡು ಅಂತರಗಂಗೆ ಕೆರೆಯನ್ನೆಲ್ಲ ಆವರಿಸುತ್ತದೆ. ಅದು ಕೊಳೆಯುವಾಗ ನೀರಿನ ಆಮ್ಲಜನಕ ಕ್ಷಯಿಸಿ ಮೀನುಗಳು ಸಾಯುತ್ತವೆ. ನೊರೆಯುಕ್ಕಿಸುತ್ತಿದ್ದ ಬೆಳ್ಳಂದೂರು ಕೆರೆಯು 2017ರ ಫೆಬ್ರವರಿಯಲ್ಲಿ ಹೊತ್ತಿ ಉರಿದುದು ಈ ಅನಾದರದ ಪರಾಕಾಷ್ಠೆ. ಕೆರೆಯ ಸುತ್ತ 75 ಮೀಟರು ಜಾಗವನ್ನು ಕಟ್ಟಡಗಳಿಲ್ಲದೆ ಬಿಡಬೇಕೆಂದು 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ವಿಧಿಸಿತು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಧಿಯನ್ನು ರದ್ದುಪಡಿಸಲು, ನಗರಯೋಜನೆಯಲ್ಲಿ ಮೊದಲೇ ಇದ್ದ 30 ಮೀಟರೇ ಮತ್ತೆ ನಿಂತಿತು.

ಕಬಳಿಕೆಯಷ್ಟೇ ಹಾನಿಯನ್ನು ಕೆಲವೊಮ್ಮೆ ಸದುದ್ದೇಶವೂ ಮಾಡುತ್ತದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಕೆರೆಯಂಗಳವನ್ನು ಬಟ್ಟಲಿನಂತೆ ಆಳಕ್ಕೆ ತೋಡಿ, ದಡಕ್ಕೆ ಕಲ್ಲು ಕಟ್ಟಿ, ಸುತ್ತಲೂ ನಡಿಗೆಯ ಹಾದಿ ಹಾಸಿದರೆ, ನೀರೇನೋ ನಿಲ್ಲುತ್ತದೆ. ಆದರೆ ಬಕಕ್ಕೆ ಕಾಲೂರುವ ಎಡೆ ಇಲ್ಲವಾಗುತ್ತದೆ.

ಬೇರೆಯ ದಾರಿಯುಂಟೆಂಬುದಕ್ಕೆ ಜಕ್ಕೂರೇ ಸಾಕ್ಷಿ. ಅಲ್ಲಿ ದಿನಕ್ಕೆ ಒಂದು ಕೋಟಿ ಲೀಟರು ಕೊಳಚೆಯನ್ನು ಶುದ್ಧಗೊಳಿಸುವ ಸಾಮರ್ಥ್ಯದಿಂದ ಆರಂಭವಾದ ಘಟಕವುಂಟು. ಅದರಿಂದ ಹೊರಟ ನೀರು ನೇರವಾಗಿ ಕೆರೆಗೆ ಬೀಳದೆ, ಜೊಂಡು ಬೆಳೆದ ಜವುಗುನೆಲವನ್ನು ಮೆಲ್ಲಗೆ ಹಾಯ್ದು, ತನ್ನಲ್ಲುಳಿದ ರಂಜಕ, ಸಾರಜನಕಗಳನ್ನು ಬೇರುಗಳಿಗೂ ಸೂಕ್ಷ್ಮಜೀವಿಗಳಿಗೂ ಒಪ್ಪಿಸಿ, ಅನಂತರ ಕೆರೆಯನ್ನು ಸೇರುತ್ತದೆ. ಅಂತೆಯೇ, ನಗರದ ಮಡಿಲಲ್ಲಿಯೇ ಇರುವ ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಪಕ್ಷಿಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಹಿಂದೆ ಊರಿಗೊಬ್ಬ ನೀರುಗಂಟಿ ಇದ್ದನು. ತೂಬು ತೆರೆದು ಮುಚ್ಚುವುದೂ, ಯಾವ ಗದ್ದೆಗೆ ಎಷ್ಟು ನೀರೆಂದು ನೋಡುವುದೂ ಅವನ ಹೊಣೆ. ಗದ್ದೆಗಳಳಿದು ಆ ಕಾಯಕವೂ ಹೋಯಿತು. ಮನುಷ್ಯರು ಕಟ್ಟಿದ ಕೆರೆಗೆ ಮನುಷ್ಯರ ಆರೈಕೆ ಬೇಕೆಂಬ ನಿಯಮ ಮಾತ್ರ ಹೋಗಲಿಲ್ಲ. ಶೆಟ್ಟಿಹಳ್ಳಿಯವರಾಗಲಿ ಹೆಬ್ಬಾಳದವರಾಗಲಿ ತಮ್ಮ ಕೆರೆಯ ಕಾಮಗಾರಿಗೆ ನಕ್ಷೆ ಸಿದ್ಧವಾಗುವಾಗ ಮುಂದೆ ನಿಂತು ಕೇಳತಕ್ಕ ಮಾತುಗಳು ಎರಡು: ಬರುವ ಕಾಲುವೆಯಲ್ಲಿ ಏನು ಹರಿಯುತ್ತಿದೆ? ನಡಿಗೆಯ ಹಾದಿಯನ್ನು ಒಂದು ಬದಿಗೆ ನಿಲ್ಲಿಸಿ, ಇನ್ನೊಂದು ಬದಿಯ ಇಳಿಜಾರನ್ನು ಅದರ ಕೆಸರು ಜೊಂಡುಗಳೊಡನೆ ಹಾಗೆಯೇ ಬಿಟ್ಟಿದ್ದಾರೆಯೆ?