ನೀರಿನ ಸದ್ದು ಹುಡುಕಿ ಹೋದವನಿಗೆ ಕೇಳಿಸಿದ ಗಡಿಯಾರ

ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ದವಾಖಾನೆಗಳಲ್ಲಿ ಬಸುರಿಯರ ತಪಾಸಣೆ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ದವಾಖಾನೆಯೊಂದನ್ನು ಕಣ್ಮುಂದೆ ತಂದುಕೊಳ್ಳಿ. ಮಂಚದ ಮೇಲೆ ಮಲಗಿದ ಸೊಸೆ, ಪಕ್ಕಕ್ಕೆ ನಿಂತ ಅತ್ತೆ, ಹೊಟ್ಟೆಯ ಮೇಲೆ ತುತ್ತೂರಿಯಂಥದೊಂದನ್ನು ಇಟ್ಟು ಕಿವಿಗೊಟ್ಟ ಸಿಸ್ಟರ್.

“ಬಡಿತ ಜೋರದ ಏನ್ರಿ? ಜೋರಿದ್ರ ಹೆಣ್ಣಂತ.”

“ಅವ್ವಾ, ಒಂದ್ ನಿಮಿಷ ಮಾತಾಡಬ್ಯಾಡ್ರಿ. ಎಣಸ್ಲಕತ್ತೀನಿ.”

ಸಿಸ್ಟರ್ ಕಿವಿ ಹೊಟ್ಟೆಯ ಮೇಲಿದ್ದರೆ ಬೆರಳು ಸೊಸೆಯ ಮಣಿಕಟ್ಟಿನ ಮೇಲಿದೆ. ಕೂಸಿನ ಎದೆಬಡಿತ ಕೇಳುವವಳು ತಾಯಿಯ ನಾಡಿ ಯಾಕೆ ಹಿಡಿಯಬೇಕು? ಉತ್ತರ ಬೇಕಾದರೆ 1821ರ ಪ್ಯಾರಿಸ್ಸಿಗೆ ಹೋಗಬೇಕು.

ಅದಕ್ಕಿಂತ ಮೊದಲೂ ಈ ಸದ್ದು ಯಾರಿಗೂ ಕೇಳಿಸಿರಲಿಲ್ಲ ಎಂದಲ್ಲ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಮಾರ್ಸಾಕ್ ಎಂಬ ವೈದ್ಯ, ಗರ್ಭದ ಕೂಸಿನ ಹೃದಯ ಗಿರಣಿಯ ಹಾಗೆ ಬಡಿಯುತ್ತದೆ ಎಂದಿದ್ದ. ಅವನ ಮಾತು ಉಳಿದು ಬಂದದ್ದೇ ಅವನನ್ನು ಗೇಲಿ ಮಾಡಿ ಒಬ್ಬ ಬರೆದ ಪದ್ಯದಿಂದ! 1818ರಲ್ಲಿ ಜಿನೀವಾದ ಶಸ್ತ್ರವೈದ್ಯ ಫ್ರಾಂಸ್ವಾ ಮೇಯರ್ ಬಸುರಿಯ ಹೊಟ್ಟೆಗೆ ನೇರವಾಗಿ ಕಿವಿಯಿಟ್ಟು, ಕೂಸು ಬದುಕಿದೆಯೋ ಇಲ್ಲವೋ ಹೇಳಬಹುದು ಎಂದು ತಿಳಿಸಿದ. ಕೆಲವೇ ಸಾಲಿನ ಸುದ್ದಿ ಅದು. ಯಾರೂ ಬೆನ್ನು ಹತ್ತಲಿಲ್ಲ.

ಆ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಲೆನೆಕ್ ಎಂಬ ವೈದ್ಯ 1816ರಲ್ಲಿ ಕಾಗದ ಸುತ್ತಿ ರೋಗಿಯ ಎದೆಗಿಟ್ಟು ಆಲಿಸಿ, ಮುಂದೆ ಅದನ್ನೇ ಕಟ್ಟಿಗೆಯ ಕೊಳವೆಯಾಗಿಸಿದ್ದ. ಅದೇ ಮೊದಲ ಸ್ಟೆತಾಸ್ಕೋಪ್. ಅವನ ಶಿಷ್ಯ ಕೆರ್ಗಾರಾಡೆಕ್‌ಗೆ ಒಂದು ಕುತೂಹಲ: ಕೂಸು ಹೊರಳಿದಾಗ ಸುತ್ತಲಿನ ನೀರು ಕೊಡದಲ್ಲಿ ತುಳುಕಿದಂತೆ ಸದ್ದು ಮಾಡೀತೇ? ದಿನ ತುಂಬುತ್ತಿದ್ದ ಬಸುರಿಯೊಬ್ಬಳ ಹೊಟ್ಟೆಗೆ ಕೊಳವೆ ಹಚ್ಚಿ ಕುಳಿತ. ನೀರಿನ ಸದ್ದು ಬರಲಿಲ್ಲ. ಬಂದದ್ದು ಟಿಕ್ ಟಿಕ್, ಹತ್ತಿರದಲ್ಲೆಲ್ಲೋ ಗಡಿಯಾರ ಇಟ್ಟ ಹಾಗೆ.

ಮುಂದೆ ಅವನು ಮಾಡಿದ ಕೆಲಸವೇ ಈ ಆವಿಷ್ಕಾರದ ಜೀವ. ಸದ್ದನ್ನು ಎಣಿಸಿದ: ನಿಮಿಷಕ್ಕೆ 143ರಿಂದ 148. ತಾಯಿಯ ನಾಡಿ ಹಿಡಿದ: 70. ಒಂದೇ ಮೈಯಲ್ಲಿ ಎರಡು ಲೆಕ್ಕ! ಅಂದಮೇಲೆ ಈ ಬಡಿತ ತಾಯಿಯದಲ್ಲ. ಮಾರ್ಸಾಕ್ ಕೇಳಿದ್ದ, ಮೇಯರ್ ಕೇಳಿದ್ದ. ಎಣಿಸಿ ತಾಳೆ ನೋಡಿ ಲೋಕವನ್ನು ಒಪ್ಪಿಸಿದವನು ಕೆರ್ಗಾರಾಡೆಕ್. 1821ರ ಡಿಸೆಂಬರಿನಲ್ಲಿ ಫ್ರಾನ್ಸಿನ ವೈದ್ಯಕೀಯ ಅಕಾಡೆಮಿಯ ಮುಂದೆ ಇದನ್ನು ಓದಿದಾಗ ಇನ್ನೊಂದು ಮಾತೂ ಸೇರಿಸಿದ. ಬಡಿತ ಏರಿಳಿಯುವುದನ್ನು ನೋಡಿ ಕೂಸು ಸುಖವಾಗಿದೆಯೋ ಸಂಕಟದಲ್ಲಿದೆಯೋ ತಿಳಿಯಬಹುದಲ್ಲವೇ?

ತಿಳಿಯಬಹುದು, ಆದರೆ ಅದಕ್ಕೆ ಅಂಕಿಯ ಗಡಿ ಸಿಗಲು ಎಪ್ಪತ್ತು ವರ್ಷ ಹಿಡಿಯಿತು. ಡಬ್ಲಿನ್ನಿನ ಹೆರಿಗೆ ಆಸ್ಪತ್ರೆಯ ಎವರಿ ಕೆನಡಿ 1833ರಲ್ಲಿ ಹೊಟ್ಟೆಗೆ ಕಿವಿಗೊಡುವ ವಿದ್ಯೆಯ ಬಗ್ಗೆಯೇ ಒಂದು ಪುಸ್ತಕ ಬರೆದ. ಬೇನೆ ಬಂದಾಗ ಗರ್ಭಕೋಶ ಬಿಗಿಯುತ್ತದೆ, ಕೂಸಿಗೆ ಹರಿಯುವ ರಕ್ತ ತುಸು ಹೊತ್ತು ಕಡಿಮೆಯಾಗುತ್ತದೆ. ಗಟ್ಟಿ ಕೂಸು ಅದನ್ನು ತಾಳಿಕೊಳ್ಳುತ್ತದೆ. ದಣಿದ ಕೂಸಿನ ಬಡಿತ ಬೇನೆ ಇಳಿದ ಮೇಲೂ ಕುಗ್ಗಿಯೇ ಇರುತ್ತದೆ. ಬೇನೆ ಮುಗಿದ ಕೂಡಲೇ ಕೇಳಬೇಕು ಎನ್ನುವುದು ಇದಕ್ಕೇ. 1893ರಲ್ಲಿ ಜರ್ಮನಿಯ ವೈದ್ಯ ಫಾನ್ ವಿಂಕೆಲ್ ನಿಮಿಷಕ್ಕೆ 160 ಎಂಬ ಮೇಲಿನ ಗಡಿ ಎಳೆದ. ಇಂದು ಕೆಳಗಿನ ಗಡಿಯನ್ನು 110 ಎಂದು ಹಿಡಿಯುತ್ತಾರೆ. 1895ರ ಸುಮಾರಿಗೆ ಪ್ಯಾರಿಸ್ಸಿನ ವೈದ್ಯ ಪಿನಾರ್ ಹೊಟ್ಟೆಯ ಮೇಲೆ ಸರಿಯಾಗಿ ಕೂರುವ ಅಗಲ ಬಾಯಿಯ ತುತ್ತೂರಿ ಮಾಡಿದ. ಸಿಸ್ಟರ್ ಕಿವಿಗಿಟ್ಟುಕೊಂಡದ್ದು ಅದನ್ನೇ. ಅದಕ್ಕೆ ಕರೆಂಟ್ ಬೇಡ, ಬ್ಯಾಟರಿ ಬೇಡ. ಕೂಸಿನ ಬೆನ್ನು ಯಾವ ಕಡೆಗಿದೆ ಎಂದು ಕೈಯಿಂದ ಮುಟ್ಟಿ ತಿಳಿದು ಅಲ್ಲಿಡಬೇಕು, ಅಷ್ಟೆ. ತಲೆ ಕೆಳಗಿದ್ದರೆ ಸದ್ದು ಸಾಮಾನ್ಯವಾಗಿ ಹೊಕ್ಕುಳ ಕೆಳಗೆ ಸಿಗುತ್ತದೆ.

ಆದರೆ ಈ ತುತ್ತೂರಿಗೆ ಒಂದು ಕೊರತೆ ಇತ್ತು. ಸದ್ದು ಕೇಳುತ್ತಿದ್ದದ್ದು ಬಾಗಿದವರೊಬ್ಬರಿಗೇ. ಕೂಸನ್ನು ಹೊತ್ತವಳಿಗೆ ತನ್ನದೇ ಕೂಸಿನ ಬಡಿತ ಕೇಳುತ್ತಿರಲಿಲ್ಲ! 1842ರಲ್ಲಿ ವಿಜ್ಞಾನಿ ಡಾಪ್ಲರ್ ಹೇಳಿದ ತತ್ವ ಕೊನೆಗೆ ನೆರವಿಗೆ ಬಂತು: ಚಲಿಸುವ ವಸ್ತುವಿಗೆ ತಾಗಿ ಮರಳುವ ಅಲೆಯ ಕಂಪನಸಂಖ್ಯೆ ಬದಲಾಗುತ್ತದೆ. ನಮ್ಮ ಕಿವಿಗೆ ನಿಲುಕದ ಸೂಕ್ಷ್ಮ ಅಲೆಗಳನ್ನು ಮಿಡಿಯುವ ಹೃದಯಕ್ಕೆ ಹಾಯಿಸಿ, ಮರಳಿದಾಗಿನ ವ್ಯತ್ಯಾಸವನ್ನು ಸ್ಪೀಕರಿಗೆ ಕೊಟ್ಟರೆ ಸದ್ದಾಗುತ್ತದೆ. 1964ರಲ್ಲಿ ಅಮೆರಿಕದ ಕ್ಯಾಲಗನ್ ಮತ್ತು ಸಂಗಡಿಗರು ಗರ್ಭದ ಕೂಸಿನ ಮೇಲೆ ಇದನ್ನು ಮಾಡಿ ತೋರಿಸಿದರು. ತುತ್ತೂರಿಗೆ ಐದನೆಯ ತಿಂಗಳು ಬೇಕಾದರೆ ಈ ಡಾಪ್ಲರ್ ಯಂತ್ರಕ್ಕೆ ಮೂರು ತಿಂಗಳು ತುಂಬುವ ಹೊತ್ತಿಗೇ ಸಿಗುತ್ತದೆ. ಕುದುರೆ ಓಡಿದಂಥ ಆ ಸದ್ದು ಈಗ ಕೋಣೆಯಲ್ಲಿದ್ದವರಿಗೆಲ್ಲ.

ಸದ್ದು ಎಲ್ಲರದಾಯಿತು, ಎಣಿಕೆಯ ಜವಾಬ್ದಾರಿ ಕಡಿಮೆಯಾಗಲಿಲ್ಲ. ಹೊಟ್ಟೆಯಲ್ಲಿ ತಾಯಿಯ ದೊಡ್ಡ ರಕ್ತನಾಳವೂ ಮಿಡಿಯುತ್ತಿರುತ್ತದೆ. ಡಾಪ್ಲರ್ ಅದನ್ನೂ ಹಿಡಿದು ಕೇಳಿಸೀತು. ಕೂಸಿನ ಹೊರಳಾಟ ಕಡಿಮೆಯಾದಾಗ ಮನೆಯಲ್ಲೇ ಯಂತ್ರ ಹಚ್ಚಿ, ಸದ್ದು ಬಂತೆಂದು ಸಮಾಧಾನಪಡುವುದು ಅದಕ್ಕೇ ಅಪಾಯ. ದವಾಖಾನೆಗೇ ಓಡಬೇಕು.

ಎಣಿಸುವ ರೂಢಿಯನ್ನು ಊರೂರಿಗೆ ಮುಟ್ಟಿಸುವುದೂ ಒಂದು ಶೋಧವೇ. ಅದರ ಒಂದು ಅಧ್ಯಾಯ ನಮ್ಮಲ್ಲೇ ನಡೆದಿದೆ. ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳ ‘ಸುಕ್ಷೇಮ’ ಯೋಜನೆಯಡಿ, ಆಗಿನ್ನೂ ಗುಲ್ಬರ್ಗ ಎನಿಸಿಕೊಂಡಿದ್ದ ಕಲಬುರಗಿ ಜಿಲ್ಲೆ ಮತ್ತು ಬಳ್ಳಾರಿಯ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಆರಿಸಿದರು. 54 ಕೇಂದ್ರಗಳಿಗೆ ಅನುಭವಿ ನರ್ಸುಗಳೇ ಹೋಗಿ, ಅಲ್ಲಿನ ಸಿಸ್ಟರುಗಳ ಜತೆ ನಿಂತು ಕೆಲಸ ಕಲಿಸಿದರು. ಹೆರಿಗೆಯ ಕೇಸ್ ಶೀಟನ್ನೂ ಸುಧಾರಿಸಿದರು. ಉಳಿದ 54 ಕೇಂದ್ರಗಳು ಹೋಲಿಕೆಗೆ. ಮಾರ್ಗದರ್ಶನ ಸಿಕ್ಕ ಕಡೆ ಹೆರಿಗೆಗೂ ಅದರ ತೊಡಕುಗಳಿಗೂ ಸಿದ್ಧತೆ ಹೆಚ್ಚಿದ್ದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡಿತು. ಕೆರ್ಗಾರಾಡೆಕ್ ಮಾಡಿದ್ದೂ ಹೋಲಿಕೆಯನ್ನೇ ತಾನೆ?

ಸಿಸ್ಟರ್ ತಲೆಯೆತ್ತಿದಳು. “ಕೂಸಿಂದು 144, ಅವ್ವಂದು 82. ಇಬ್ಬರೂ ಛಲೋ ಅದಾರ.”

“ಹಂಗಂದ್ರ ಹೆಣ್ಣೇನ್ರಿ?”

“ಗಂಡಾದ್ರೂ ಇಷ್ಟೇ, ಹೆಣ್ಣಾದ್ರೂ ಇಷ್ಟೇ ಅವ್ವಾ. ಎಣಿಸಿದವ್ರೇ ಹೇಳ್ಯಾರ.”

ತಾಯಿ ಕಾರ್ಡಿನಲ್ಲಿ 144 ಎಂದು ಬರೆದು, ಮುಂದಿನ ಬಸುರಿಯನ್ನು ಕರೆದಳು.