ಹೆಡ್‌ಫೋನ್: ಇದ್ದುದನ್ನು ತಿದ್ದುವುದೇ, ದುಬಾರಿಯದನ್ನು ಕೊಳ್ಳುವುದೇ?

ಹೆಡ್‌ಫೋನ್‌ನ ಧ್ವನಿಯನ್ನು ನಿರ್ಧರಿಸುವುದು ವಿದ್ಯುತ್ ಸಂಕೇತವನ್ನು ಶಬ್ದವಾಗಿಸುವ ‘ಡ್ರೈವರ್’ ಎಂಬ ಪುಟ್ಟ ಸ್ಪೀಕರ್ ಮಾತ್ರವಲ್ಲ. ಅದನ್ನು ಹೊತ್ತ ಬಟ್ಟಲಿನ ಆಕಾರ, ಗಾಳಿಯಾಡುವ ರಂಧ್ರಗಳು, ಒಳಗಿನ ಫೋಮ್ ಹಾಗೂ ಕಿವಿಯನ್ನು ಸುತ್ತುವ ಮೆತ್ತೆ ಇವೆಲ್ಲವೂ ಅದರಲ್ಲಿ ಪಾಲು ಹೊಂದಿರುತ್ತವೆ. ಒಂದೇ ವಿನ್ಯಾಸವನ್ನು ಆಧರಿಸಿ ತಯಾರಕರು ಬೇರೆಬೇರೆ ಬೆಲೆಯ ಮಾದರಿಗಳನ್ನು ರೂಪಿಸುವುದುಂಟಾದ್ದರಿಂದ, ಮಧ್ಯಮ ಬೆಲೆಯದನ್ನು ತಿದ್ದಿ ದುಬಾರಿಯದಕ್ಕೆ ಸಮೀಪಿಸುವಂತೆ ಮಾಡಬಹುದೇ ಎಂಬ ಪ್ರಶ್ನೆ ಹುಟ್ಟುತ್ತದೆ.

ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯ ಮಧ್ಯಮ ಬೆಲೆಯ ಎಚ್‌ಡಿ 555 ಮತ್ತು ಅದಕ್ಕಿಂತ ದುಬಾರಿಯಾದ ಎಚ್‌ಡಿ 595 ಇದಕ್ಕೆ ಪ್ರಸಿದ್ಧ ಉದಾಹರಣೆ. ಎರಡೂ ಹಿಂಬದಿ ತೆರೆದ, ಅಂದರೆ ಬಟ್ಟಲಿನ ಹೊರಮೈಯಿಂದ ಗಾಳಿ ಮತ್ತು ಶಬ್ದ ಹಾಯಲು ಬಿಡುವ ಮಾದರಿಗಳು. ಆದರೆ 555ರ ಒಳಗೆ ರಂಧ್ರಗಳನ್ನು ಭಾಗಶಃ ಮುಚ್ಚುವ ಫೋಮ್ ತುಂಡೊಂದು ಇದ್ದುದರಿಂದ, ಹವ್ಯಾಸಿಗಳು ಅದನ್ನು ತೆಗೆದುಹಾಕಿ, ಧ್ವನಿ ಹೆಚ್ಚು ವಿಶಾಲವಾಗಿ 595ನ್ನು ಹೋಲುತ್ತದೆಂದು ವಾದಿಸಿದರು. ಆದರೆ ಬದಲಾವಣೆ ಮಾಡಿದವರ ಕಿವಿ ಬದಲಾವಣೆಯನ್ನು ನಿರೀಕ್ಷಿಸುತ್ತಿರುವುದರಿಂದ, ಮಾಪನವಿಲ್ಲದೆ ಕೇವಲ ಕೇಳಿ ನೀಡುವ ತೀರ್ಪನ್ನು ಪೂರ್ಣವಾಗಿ ನಂಬಲಾಗದು.

ಮೆತ್ತೆಯನ್ನು ಬದಲಿಸಿದರೆ ಡ್ರೈವರ್‌ಗೂ ಕಿವಿಗೂ ಇರುವ ಅಂತರ ಹಾಗೂ ಗಾಳಿ ಸೋರದಂತೆ ತಡೆಯುವ ಬಿಗಿತ ಬದಲಾಗುವುದರಿಂದ, ತಗ್ಗು ಸ್ವರಗಳಲ್ಲಿ ಸ್ಪಷ್ಟ ವ್ಯತ್ಯಾಸ ಉಂಟಾಗಬಹುದು. ವಿವಿಧ ಸ್ವರಮಟ್ಟಗಳನ್ನು ಪ್ರತ್ಯೇಕವಾಗಿ ಏರಿಸಿ ಇಳಿಸುವ ‘ಈಕ್ವಲೈಸರ್’ ತಂತ್ರಾಂಶವಂತೂ ಉಪಕರಣವನ್ನು ಬಿಚ್ಚದೆಯೇ ಧ್ವನಿಯ ಸಮತೋಲನವನ್ನು ತಿದ್ದಬಲ್ಲದು. ಆದರೆ ಡ್ರೈವರ್‌ನ ಗುಣಮಟ್ಟ, ರಚನೆಯ ಗಟ್ಟಿತನ, ಧರಿಸುವ ಸುಖ ಇವು ಕತ್ತರಿ ಅಂಟುಗಳಿಂದ ಬರುವಂಥವಲ್ಲ. ಬಿಚ್ಚಿದ ಉಪಕರಣಕ್ಕೆ ವಾರಂಟಿ ತಪ್ಪಿಹೋಗುವ ಸಾಧ್ಯತೆಯೂ ಇದೆ. ಆದುದರಿಂದ ಗ್ರಾಹಕರು ಮೊದಲು ಈಕ್ವಲೈಸರ್, ಬಳಿಕ ಮೆತ್ತೆ, ವಾರಂಟಿ ಮುಗಿದ ಮೇಲೆ ಮಾತ್ರ ಒಳಗಿನ ತಿದ್ದುಪಡಿ ಎಂಬ ಕ್ರಮವನ್ನು ಅನುಸರಿಸಿ, ಅದರಿಂದಲೂ ತೃಪ್ತಿಯಾಗದಿದ್ದರೆ ದುಬಾರಿ ಮಾದರಿಯನ್ನು ಕೇಳಿನೋಡಿಯೇ ಕೊಳ್ಳುವುದು ಲೇಸು.